ಮೊದಲ ಸೂಜಿ

ತಲೆಯ ಮೇಲಿನ ದುಂಡು ದೀಪ ಇನ್ನೂ ಹೊತ್ತಿಲ್ಲ, ಅದರ ಗಾಜಿನಲ್ಲಿ ಅವಳ ಹೊಟ್ಟೆ ಹಸಿರು ಬಟ್ಟೆಯ ಸಣ್ಣ ದಿಬ್ಬದಂತೆ ಕಾಣುತ್ತಿದೆ, ನರ್ಸ್ ಎದೆಗೆ ತಣ್ಣನೆಯ ಬಿಲ್ಲೆ ಅಂಟಿಸುತ್ತ ಹೆದರ್ಕೋಬೇಡಿ ಅಮ್ಮ, ಗರ್ಭಕೋಶ ತೆಗೆಯೋದು ಈಗ ದೊಡ್ಡ ವಿಷಯ ಅಲ್ಲ ಅನ್ನುತ್ತಾಳೆ, ಹೆದರದೆ ಇರುವುದು ಹೇಗೆ, ಮೊದಲ ಸೂಜಿ ಹೊಕ್ಕುಳಲ್ಲಿ ಹೋಗುತ್ತೆ ಎಂದು ಡಾಕ್ಟರಮ್ಮ ಮೊನ್ನೆ ಹೇಳಿದ್ದರು — ಹೊಟ್ಟೆ ಕೊಯ್ಯಲ್ಲ, ತೂತಿನಿಂದಲೇ ಆಪರೇಷನ್, ಹೊಟ್ಟೆ ಉಬ್ಬಿಸೋಕೆ ಗಾಳಿ ತುಂಬೋ ಸೂಜಿ, ಅದು ಕುರುಡು, ಕ್ಯಾಮೆರಾ ಅದರ ಹಿಂದೆ ಹೋಗೋದು, ಮೊದಲೇ ಹೊಟ್ಟೆಗೆ ಆಪರೇಷನ್ ಆಗಿದ್ರೆ ಕರುಳು ಅಲ್ಲೇ ಅಂಟಿಕೊಂಡಿರಬಹುದು, ಸೂಜಿ ಕರುಳಿಗೇ ಹೋದ್ರೆ ಜೀವಕ್ಕೆ ಕಷ್ಟ, ಏನಾದ್ರೂ ಆಗಿದ್ಯಾ? — ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಅವಳ ಕೈ ಹೊಕ್ಕುಳಿಗೇ ಹೋಗಿತ್ತು, ಬಾಯಿ ತೆರೆಯುವ ಮೊದಲೇ ಗಂಡ, ಏನೂ ಇಲ್ಲ ಡಾಕ್ಟ್ರೇ, ಇವಳ ಹೊಟ್ಟೆಗೆ ಒಂದು ಹೊಲಿಗೆ ಕೂಡ ಬಿದ್ದಿಲ್ಲ, ಎಂದು ತನ್ನದೇ ಹೊಟ್ಟೆಯೇನೋ ಎಂಬ ಹೆಮ್ಮೆಯಲ್ಲಿ ಹೇಳಿಬಿಟ್ಟ.

ಬಿದ್ದಿತ್ತು. ಮಗಳು ಇನ್ನೂ ಅಂಬೆಗಾಲಿಡುತ್ತಿದ್ದಳು, ಹೆರಿಗೆಯಲ್ಲಿ ರಕ್ತ ನಿಲ್ಲದೆ ಸತ್ತು ಬದುಕಿದ್ದಳು ಇವಳು, ಇನ್ನೊಂದು ಸಲ ಆ ಮಂಚ ಹತ್ತಲಾರೆ ಅಮ್ಮಾ ಎಂದು ತವರಿನಲ್ಲಿ ಅತ್ತಾಗ ಅಮ್ಮ ಸದ್ದಿಲ್ಲದೆ ಆಸ್ಪತ್ರೆಗೆ ಕರೆದೊಯ್ದಿದ್ದಳು, ಹೊಕ್ಕುಳ ಮಡಿಕೆಯೊಳಗೊಂದು ಗಾಯ, ಒಳಗೆ ಗರ್ಭಕೋಶದ ಎರಡು ನಾಳಕ್ಕೂ ಒಂದೊಂದು ಬಿಳಿ ರಬ್ಬರ್ ಉಂಗುರ, ಇನ್ನು ಮಕ್ಕಳಾಗೋ ಭಯ ಇಲ್ಲ, ಗಂಡನಿಗೆ ನೀನೇ ಹೇಳೇ, ನಾಳೆ ಹೇಳ್ತೀನಮ್ಮ, ನಾಳೆಗೇನು ಬರವೇ — ಅಷ್ಟರಲ್ಲಿ ಅವನು ಇನ್ನೊಂದು ಮಗುವಿಗೆ ಕಾದ, ಕಾದು ಕಾದು ಕೊರತೆ ತನ್ನದೇ ಎಂದುಕೊಂಡ, ವರ್ಷಗಟ್ಟಲೆ ಮೂಗು ಹಿಡಿದು ಕಂಡಕಂಡವರ ಕಷಾಯ ಕುಡಿದ, ಎಂಥಾ ಗಂಡ ಸಿಕ್ಕಿದ ನೋಡೇ ನಿನಗೆ, ಊರವರ ಗಡಿಯಾರ ಎಲ್ಲಾ ರಿಪೇರಿ ಮಾಡ್ತೀನಿ, ನಂದೇ ಓಡಲ್ಲ, ಎಂದು ನಗಿಸಲು ನೋಡಿದ, ಅವಳು ನಕ್ಕಳು, ಪಾಪಿ, ನಕ್ಕೂಬಿಟ್ಟಳು.

ಈಗ ಅತ್ತ ದರಿ ಇತ್ತ ಪುಲಿ, ಹೇಳದಿದ್ದರೆ ಸೂಜಿ, ಹೇಳಿದರೆ ಅವನು, ಹೇಳದಿದ್ದರೂ ತಟ್ಟೆ ಇದ್ದೇ ಇದೆ — ತೆಗೆದ ಗರ್ಭಕೋಶವನ್ನು ನಾಳಗಳ ಸಮೇತ ಸ್ಟೀಲ್ ತಟ್ಟೆಯಲ್ಲಿಟ್ಟು ಬಾಗಿಲ ಹೊರಗೆ ಮನೆಯವರಿಗೆ ತೋರಿಸುತ್ತಾರಂತೆ, ಪಕ್ಕದ ಮಂಚದವಳ ತಮ್ಮ ನೋಡಿ ವಾಂತಿ ಮಾಡಿಕೊಂಡನಂತೆ, ಇವನೋ ನನಗೂ ತೋರಿಸಿ ಡಾಕ್ಟ್ರೇ ಎಂದು ಕೇಳಿಯೇ ಕೂತಿದ್ದಾನೆ, ಕಣ್ಣಿಗೆ ಮಸೂರ ಸಿಕ್ಕಿಸಿ ಗಡಿಯಾರದ ಹೊಟ್ಟೆಯಲ್ಲಿ ಕೂದಲೆಳೆ ಹುಡುಕುವ ಮನುಷ್ಯ, ಅವನ ಕಣ್ಣು ತಪ್ಪಿಸೀತೇ ಉಂಗುರ, ಇದೇನಿದು ಬಿಳೀದು, ಇದನ್ನ ಯಾರು ಹಾಕಿದ್ದು — ಯಾರೋ ಬಂದರು, ಹಸಿರು ಮುಸುಕು, ಡಾಕ್ಟರಮ್ಮನ ದನಿ, ಎಲ್ಲರೂ ಒಂದ್ನಿಮಿಷ ನಿಲ್ಲಿ, ಇನ್ನೊಂದ್ಸಲ ಕೇಳ್ಕೊಳ್ಳೋಣ, ಗಡ್ಡೆಗೆ ಗರ್ಭಕೋಶ ತೆಗೀತಿದೀವಿ, ಅಲರ್ಜಿ ಇಲ್ಲ, ಹಿಂದೆ ಆಪರೇಷನ್ ಇಲ್ಲ, ಸರಿನಾ ಅಮ್ಮ?

ಆಗಿದೆ. ಯಾರು ಅಂದದ್ದು, ತನ್ನದೇ ನಾಲಿಗೆ, ಹೊಕ್ಕುಳಲ್ಲಿ, ಮಕ್ಕಳಾಗದ ಹಾಗೆ, ಮನೇಲಿ ಗೊತ್ತಿಲ್ಲ — ಡಾಕ್ಟರಮ್ಮ ಬೈಯಲಿಲ್ಲ, ಬೈದಿದ್ದರೆ ವಾಸಿಯಿತ್ತು, ಹೇಳಿದ್ದು ಒಳ್ಳೇದಾಯ್ತು, ಹಾಗಾದ್ರೆ ಹೊಕ್ಕುಳು ಬೇಡ, ಎಡಗಡೆ ಪಕ್ಕೆಲುಬಿನ ಕೆಳಗಿಂದ ಹೋಗೋಣ, ಕರುಳು ಅಂಟಿದ್ಯಾ ಅಂತ ಮೊದಲು ನೋಡ್ಕೊಂಡು ಆಮೇಲೆ ಮಿಕ್ಕಿದ್ದು, ಎಂದರು, ಸೂಜಿಯ ಭಯ ಇಳಿಯಿತು, ಇಳಿದ ಜಾಗಕ್ಕೆ ಇನ್ನೊಂದು ಬಂದು ಕೂತಿತು, ಡಾಕ್ಟ್ರೇ ತಟ್ಟೆ, ತಟ್ಟೆ ಮಾತ್ರ ಅವರಿಗೆ — ರಬ್ಬರಿನ ಮುಖವಾಡ ಮೂಗಿಗೂ ಬಾಯಿಗೂ ಬಿಗಿಯಿತು, ದೀರ್ಘವಾಗಿ ಉಸಿರು ಎಳೀರಿ, ತೋರಿಸಬೇಡಿ ಎಂಬುದು ಗಂಟಲಲ್ಲೇ ತೂಕಡಿಸುತ್ತಿದೆ, ದೀಪ ಹೊತ್ತಿಕೊಂಡಿತು, ಬಾಗಿಲು ತೆರೆಯುತ್ತದೆ, ಅವನು ಕುರ್ಚಿಯಿಂದ ಏಳುತ್ತಾನೆ, ಕನ್ನಡಕ ಒರೆಸಿಕೊಳ್ಳುತ್ತಾನೆ, ತಟ್ಟೆಯ ಮೇಲೆ ಬಗ್ಗುತ್ತಾನೆ, ಬಿಳಿ ಉಂಗುರ, ಬಗ್ಗುತ್ತಾನೆ, ಬಿಳಿ ಉಂಗುರ