ಹೊರಗೋಡೆಯ ಗೂಡು

ಮೂರನೆಯ ದಿನವೂ ವೈಜನಾಥ ಗೌಂಡಿ ಚಹಾ ಬೇಡವೆಂದ.

"ಪಿತ್ತ ಆಗ್ತದ್ರಿ ಅಕ್ಕೋರ. ಚಾ ಬಿಟ್ಟೇ ಬಿಟ್ಟೀನಿ," ಎಂದು ಏಣಿಯ ಮೇಲಿಂದಲೇ ಹೇಳಿ, ಕಲ್ಲಿನ ಸಂದಿಗೆ ಸಿಮೆಂಟು ತುಂಬತೊಡಗಿದ.

ಕಮಳಾಬಾಯಿ ಲೋಟ ಹಿಡಿದುಕೊಂಡು ಕೆಳಗೆ ನಿಂತೇ ಇದ್ದಳು. ಶುಂಠಿ ಜಜ್ಜಿ ಹಾಕಿ, ಕೇರಿಯಿಂದ ಇಲ್ಲಿಯ ತನಕ ಸೆರಗು ಮುಚ್ಚಿಕೊಂಡು ತಂದ ಚಹಾ. ಸ್ವಲ್ಪ ಹೊತ್ತು ನೋಡಿ ಅದನ್ನು ತಾನೇ ಕುಡಿದಳು. ಹಾಳು ಮಾಡುವ ಹೆಂಗಸಲ್ಲ ಅವಳು.

ಮಧ್ಯಾಹ್ನ ವೈಜನಾಥ ಕೆಳಗಿಳಿದ. ಹುಮನಾಬಾದಿನ ತನ್ನ ಮನೆಯಿಂದ ತಂದ ನೀರಿನ ಡಬ್ಬಿ ಬಿಚ್ಚಿ, ತನ್ನದೇ ಸ್ಟೀಲ್ ಲೋಟಕ್ಕೆ ಬಗ್ಗಿಸಿಕೊಂಡು ಕುಡಿದ. ಲೋಟ ತೊಳೆದು, ತಲೆಬಾಗಿಲ ಪಕ್ಕದ ಹೊರಗೋಡೆಯಲ್ಲಿದ್ದ ಚಿಕ್ಕ ಗೂಡಿನಲ್ಲಿ ಬೋರಲು ಹಾಕಿದ. ಆ ಗೂಡಿನಲ್ಲಿ ಮೊದಲೇ ಇನ್ನೊಂದು ಬೋರಲು ಬಿದ್ದಿತ್ತು. ಹಿಡಿಕೆ ಮುರಿದ, ನೀಲಿ ಹೂವಿನ ಚೀನಿ ಕಪ್ಪು. ಮೇಲೆ ಬೆರಳು ದಪ್ಪ ಧೂಳು. ಎರಡೂ ಅಕ್ಕಪಕ್ಕ ಕೂತದ್ದನ್ನು ಕಂಡು ಕಮಳಾಬಾಯಿಗೆ ನಗು ಬಂತು. ನಗು ಬಂದದ್ದಕ್ಕೆ ತನ್ನ ಮೇಲೆಯೇ ಸಿಟ್ಟೂ ಬಂತು.

ಆ ಕಪ್ಪು ಅವಳ ಅತ್ತೆ ಧೂಳಮ್ಮನದು.

ಹುಮನಾಬಾದ್ ಮತ್ತು ಬಸವಕಲ್ಯಾಣದ ನಡುವೆ, ಹೈವೇ ಬಿಟ್ಟು ಎರಡು ಮೈಲಿ ಒಳಗಿರುವ ಆ ಊರಿನಲ್ಲಿ ಈ ಮನೆ ಮೊದಲು ಗುರುನಾಥ ಸಾವಕಾರನದಾಗಿತ್ತು. ತೊಂಬತ್ತಮೂರರ ಭೂಕಂಪಕ್ಕೆ ಹಿಂದಿನ ಗೋಡೆ ಮೇಲಿಂದ ಕೆಳಗಿನ ತನಕ ಸೀಳು ಬಿಟ್ಟಿತು. ಕಿಲ್ಲಾರಿಯಲ್ಲಿ ಸಾವಿರಾರು ಜನ ಸತ್ತ ಸುದ್ದಿ ಕೇಳಿದ ಮೇಲೆ ಕಲ್ಲುಮನೆಯೊಳಗೆ ಮಲಗಲು ಜನ ಹೆದರುತ್ತಿದ್ದ ಕಾಲ ಅದು. ಗುರುನಾಥ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಬಸವಕಲ್ಯಾಣ ಸೇರಿದ. ಒತ್ತಿನ ಮನೆಯಲ್ಲಿದ್ದ ಅವನ ಅಣ್ಣ ಮಹಾರುದ್ರಪ್ಪ, ಇದು ಇವತ್ತಲ್ಲ ನಾಳೆ ಪುಕ್ಕಟೆ ತನ್ನ ಕೈಗೆ ಬೀಳುತ್ತದೆಂದು ಕಾದು ಕೂತ. ಅಣ್ಣನಿಗೆ ಮಾತ್ರ ಸಿಗಬಾರದು ಎಂಬ ಒಂದೇ ಹಟಕ್ಕೆ ಗುರುನಾಥ ಅದನ್ನು ಕಮಳಾಬಾಯಿಯ ಗಂಡ, ಹೊರಗೇರಿಯ ದೇವಿಂದ್ರಪ್ಪನಿಗೆ ಬರೆದುಕೊಟ್ಟ. ದೇವಿಂದ್ರಪ್ಪ ಬಸ್ ಕಂಡಕ್ಟರ್. ಗುರುನಾಥನಿಗೆ ರಾತ್ರೋರಾತ್ರಿ ಜಾತಿ ಮರೆತುಹೋಗಿರಲಿಲ್ಲ, ಅದು ದಾಯಾದಿ ಮತ್ಸರ. ದೇವಿಂದ್ರಪ್ಪನಿಗೂ ಇದು ಗೊತ್ತಿತ್ತು. ಕೈಗೆ ಬಂದದ್ದು ಯಾವ ದಾರಿಯಿಂದ ಬಂತೆಂದು ವಿಚಾರಿಸುತ್ತ ಕೂರುವ ಪುರುಸೊತ್ತು ಅವನಿಗಿರಲಿಲ್ಲ.

ಮೂವತ್ತು ವರ್ಷ ಧೂಳಮ್ಮ ಈ ಮನೆಯ ಹೊರಗೋಡೆಗೆ ಮಣ್ಣು ಮೆತ್ತಿದ್ದಳು, ಅಂಗಳ ಸಾರಿಸಿದ್ದಳು, ಕೊಟ್ಟಿಗೆ ಬಳಿದಿದ್ದಳು. ಹೊಸ್ತಿಲು ದಾಟಿರಲಿಲ್ಲ. ಕೆಲಸ ಮುಗಿದ ಮೇಲೆ ಗೂಡಿನಿಂದ ತನ್ನ ಕಪ್ಪು ತೆಗೆದು ಹಿಡಿಯುವುದು, ಒಳಗಿನಿಂದ ಯಾರಾದರೂ ಬಂದು ಮೇಲಿಂದ ಚಹಾ ಹೊಯ್ಯುವುದು. ಕುಡಿದು, ತೊಳೆದು, ಕಪ್ಪನ್ನು ಗೂಡಿನಲ್ಲಿ ಬೋರಲು ಹಾಕಿ, ಬಾಗಿಲ ಕಡೆ ತಿರುಗಿ, "ಬರ್ತೀನ್ರಿ ಯಪ್ಪಾ," ಎಂದು ಹೇಳಿ ಹೋಗುವುದು. ಬಾಗಿಲಲ್ಲಿ ಯಾರಾದರೂ ಇರಲಿ, ಇಲ್ಲದಿರಲಿ, ಅದನ್ನು ಹೇಳದೆ ಅವಳು ಹೋದದ್ದಿಲ್ಲ. ದೇವಿಂದ್ರಪ್ಪ ಚಿಕ್ಕವನಿದ್ದಾಗ ಅವ್ವನ ಸೆರಗು ಹಿಡಿದು ಇದನ್ನೆಲ್ಲ ನೋಡಿ ಬೆಳೆದವನು. ಈಗ ಅವನಿಗೆ ಬೇಕಾಗಿದ್ದುದು ಒಂದೇ. ಅವ್ವ ಕಣ್ಣು ಮುಚ್ಚುವುದರೊಳಗೆ ಆ ಮನೆಯ ಪಡಸಾಲೆಯಲ್ಲಿ ಕೂತು ಒಂದು ಲೋಟ ಚಹಾ ಕುಡಿಯಬೇಕು.

ಮನೆ ತನ್ನ ಹೆಸರಿಗಾದ ದಿನ ಅವನು ಪೇಡೆಯ ಪೊಟ್ಟಣ ಹಿಡಿದುಕೊಂಡು ಬಂದು ಹೇಳಿದಾಗ ಧೂಳಮ್ಮ ಪೇಡೆ ಮುಟ್ಟಲಿಲ್ಲ.

"ಯಾರ ಕೇಳಿದ್ರೋ ನಿನಗ? ನಾ ಕೇಳಿದ್ನಾ?" ಎಂದಳು.

ಕೆಲಸ ಶುರುವಾದ ಮೇಲೆ ಸೊಸೆಯ ಜೊತೆ ಬರುತ್ತಿದ್ದಳು. ಬಂದು ಓಣಿಯ ಆಚೆ ಬದಿಯ ಬೇವಿನ ಮರದ ಕೆಳಗೆ ಕೂರುತ್ತಿದ್ದಳು. ಅಲ್ಲಿಂದ ಈಚೆಗೆ ಬರುತ್ತಿರಲಿಲ್ಲ. ಕಣ್ಣಿಗೆ ಪೊರೆ ಬಂದು ಮನುಷ್ಯರು ಬರೀ ನೆರಳಿನಂತೆ ಕಾಣುತ್ತಿದ್ದರು, ಆದರೂ ದಿನವಿಡೀ ಮನೆಯ ಕಡೆಗೇ ನೋಡುತ್ತಿದ್ದಳು. ಮೊದಲ ದಿನ ಕಮಳಾಬಾಯಿ ಗೂಡಿನ ಕಪ್ಪನ್ನು ತಿಪ್ಪೆಗೆ ಎಸೆಯಲು ಹೋದಾಗ ಮರದ ಕೆಳಗಿನಿಂದಲೇ ಕೂಗಿದಳು: "ಒಗೀಬ್ಯಾಡ. ಇರ್ಲಿ ಬಿಡು. ಆ ಮನ್ಯಾಗ ನಂದು ಅಂತ ಇದ್ದದ್ದು ಅದೊಂದ."

ಕಾಣದ ಕಣ್ಣಿಗೆ ಅದು ಹೇಗೆ ಕಂಡಿತೋ. ಕಮಳಾಬಾಯಿ ಕಪ್ಪನ್ನು ಇದ್ದಲ್ಲೇ ಇಟ್ಟಳು.

ಮಾಳಿಗೆಯ ಮಣ್ಣು ಇಳಿಸುವುದಕ್ಕೇ ಒಂದು ಬೇಸಿಗೆ ಹೋಯಿತು. ಪ್ರತಿ ಮಳೆಗಾಲಕ್ಕೆ ಮುಂಚೆ ಒಂದೊಂದು ಪದರ ಹಾಕುತ್ತ ಬಂದದ್ದು, ಮೊಳಕ್ಕೂ ಮಿಕ್ಕಿ ಏರಿತ್ತು. ಇಳಿಸಿ ನೋಡಿದರೆ ಜಂತಿಗಳಿಗೆಲ್ಲ ಗೆದ್ದಲು ಹಿಡಿದಿತ್ತು. ನಡುವಿನ ತೊಲೆಗೆ ಬೆರಳು ಒತ್ತಿದರೆ ಪುಡಿ ಉದುರುತ್ತಿತ್ತು. ಹೊಸ ತೊಲೆಗೆಂದು ದೇವಿಂದ್ರಪ್ಪ ಹಗ್ಗದಲ್ಲಿ ಅಳತೆ ತೆಗೆದುಕೊಂಡು ಹುಮನಾಬಾದಿಗೆ ಹೋದ. ದಾರಿಯಲ್ಲಿ ಅಡ್ಡಮಳೆ ಬಂದು ಹಗ್ಗ ನೆನೆದು ಕುಗ್ಗಿದ್ದು ಅವನಿಗೆ ತಿಳಿಯಲಿಲ್ಲ. ಎತ್ತಿನ ಗಾಡಿಯಲ್ಲಿ ಬಂದ ತೊಲೆಯನ್ನು ಆರು ಜನ ಎತ್ತಿ ಗೋಡೆಗೆ ಕೂರಿಸಹೋದರೆ ಒಂದು ಗೇಣು ಗಿಡ್ಡ. ದಿನಕ್ಕೆ ಐನೂರು ಜನಕ್ಕೆ ಟಿಕೆಟ್ ಹರಿದು ಒಂದೂ ತಪ್ಪು ಮಾಡದ ಮನುಷ್ಯ ಅಂದು ತಲೆ ಮೇಲೆ ಕೈ ಹೊತ್ತು ಕೂತ.

ಮಾಡು ಇಲ್ಲದ ಮನೆ ಹಾಗೇ ನಿಂತಿರುವಾಗ ಮುಂಗಾರಿನ ಮಿರಗದ ಮಳೆ ಹಿಡಿಯಿತು. ಮೂರು ದಿನ ನೆನೆದ ಹಿಂದಿನ ಗೋಡೆ ನಾಲ್ಕನೆಯ ದಿನ ಬೆಳಗ್ಗೆ ಕುಸಿಯಿತು. ತಮ್ಮ ಹಿತ್ತಲಿಗೇ ಬಿದ್ದದ್ದು ಪುಣ್ಯ, ಮಹಾರುದ್ರಪ್ಪನ ಕಡೆ ಬಿದ್ದಿದ್ದರೆ ಕತೆಯೇ ಬೇರೆಯಾಗುತ್ತಿತ್ತು. ಮಳೆ ನಿಂತ ಮೇಲೆ ಓಣಿಯ ಬಾಯಿಗೆ ಗಾಲಿಯಿಲ್ಲದ ಹಳೆಯ ಬಂಡಿಯೊಂದು ಬಂದು ಕೂತಿತು. ಅದು ಮಹಾರುದ್ರಪ್ಪನದು. ರಿಪೇರಿ ಮಾಡಿಸಬೇಕು ಎಂದು ಅವನು ವರ್ಷಗಟ್ಟಲೆ ಹೇಳುತ್ತಲೇ ಇದ್ದ. ಉಸುಕು, ಸಿಮೆಂಟು, ಕಲ್ಲು ಎಲ್ಲವನ್ನೂ ಕಮಳಾಬಾಯಿ ಮತ್ತು ಕೇರಿಯ ಹೆಂಗಸರು ಗಾಡಿ ದಾಟದ ಓಣಿಯ ಬಾಯಿಯಿಂದ ಬುಟ್ಟಿಯಲ್ಲಿ ಹೊತ್ತು ತಂದರು. ಮೊದಲ ಗೌಂಡಿ ಹತ್ತು ದಿನ ಕೆಲಸ ಮಾಡಿ, ಮಗಳ ಮದುವೆ ಮುಗಿಸಿ ಬರುತ್ತೇನೆಂದು ಹೋದವನು ಬರಲಿಲ್ಲ. ಎರಡನೆಯವನು ಇದು ಯಾರ ಮನೆಯೆಂದು ತಿಳಿದ ದಿನವೇ ಸೈಕಲ್ ಹತ್ತಿದ. ಹೀಗೆ ಮೂರು ವರ್ಷ ಕಳೆದ ಮೇಲೆ ಸಿಕ್ಕವನು ವೈಜನಾಥ. ಕೆಟ್ಟ ಮನುಷ್ಯನಲ್ಲ. ದನಿ ಎತ್ತಿ ಮಾತಾಡುವವನಲ್ಲ, ಹೇಳಿದ ದಿನ ತಪ್ಪಿಸುವವನಲ್ಲ, ಅವನು ಇಟ್ಟ ಕಲ್ಲು ಮಿಸುಕುತ್ತಿರಲಿಲ್ಲ. ಚಹಾ ಒಂದನ್ನು ಮಾತ್ರ ಬಿಟ್ಟಿದ್ದ.

ತಲೆಬಾಗಿಲ ಚೌಕಟ್ಟು ಕೂರಿಸುವ ದಿನ ಮಹಾರುದ್ರಪ್ಪ ತನ್ನ ಕಟ್ಟೆಯಿಂದಿಳಿದು ಬಂದ. ದೇವಿಂದ್ರಪ್ಪನಿಗೆ ಅಂದು ರಜೆ.

"ಮನಿ ಚೊಲೋ ಮಾಡಾಕತ್ತಿ ಕಂಡಕ್ಟರ್. ನಂದೊಂದ ಮಾತು ಕೇಳ್ತಿ? ಬಾಗಿಲಾ ಹಿಂದಿನ ಓಣಿಗೆ ಇಟ್ಕೊ. ನಿಮ್ಮ ಮಂದಿಗೆ ಬರಾಕ ಹೋಗಾಕ ಅದ ಆರಾಮ. ಇಲ್ಲಿ ಸುಮ್ಮಸುಮ್ನ ತಕಲೀಫ್ ಯಾಕ?"

"ಬಾಗಿಲಾ ಇದ್ದಲ್ಲೇ ಇರ್ತದ್ರಿ," ಎಂದ ದೇವಿಂದ್ರಪ್ಪ.

ಮಹಾರುದ್ರಪ್ಪ ಜಗಳ ಮಾಡಲಿಲ್ಲ. ಬೇವಿನ ಮರದ ಕಡೆ ತಿರುಗಿ ನಗುತ್ತ ಕೇಳಿದ: "ಏನ ಧೂಳಮ್ಮ, ನೀ ಆದ್ರೂ ಹೇಳಬಾರದಾ ಮಗಗ?"

ಧೂಳಮ್ಮ ದನಿ ಗುರುತು ಹಿಡಿದು, ಮೊಣಕಾಲು ಹಿಡಿದುಕೊಂಡು ಎದ್ದು ನಿಂತಳು. ತಲೆಯ ಮೇಲೆ ಸೆರಗು ಎಳೆದುಕೊಂಡಳು. "ಹೌದ್ರಿ ಯಪ್ಪಾ. ನೀವು ಹೇಳೂದು ಖರೆ ಅದ. ಹಿಂದ ಇಟ್ರ ಆಯ್ತು."

ಚೌಕಟ್ಟು ಇದ್ದಲ್ಲೇ ಕೂತಿತು. ಆದರೆ ದೇವಿಂದ್ರಪ್ಪನಿಗೆ ಅಂದು ಅನ್ನ ಸೇರಲಿಲ್ಲ. ಮಹಾರುದ್ರಪ್ಪನ ಮಾತು ಅವನಿಗೆ ನಾಟಿರಲಿಲ್ಲ, ಅವ್ವನ ಮಾತು ನಾಟಿತ್ತು. ಕೇರಿಗೆ ಹಿಂದಿರುಗುವಾಗ ಕೇಳಿಯೇಬಿಟ್ಟ: "ಯಾಕವ್ವಾ ಹಾಂಗಂದಿ ಅವಗ?"

"ನೀ ಮುಂಜಾನೆ ಡ್ಯೂಟಿಗೆ ಹೋಗಾವ," ಎಂದಳು ಧೂಳಮ್ಮ. "ಇಡೀ ದಿನ ಅವರ ಬಾಜೂಕ ಇರಾಕಿ ನಾ."



ಅದಾಗಿ ಒಂದು ವಾರಕ್ಕೆ, ಬಸವಕಲ್ಯಾಣದ ಟ್ರಿಪ್ಪಿಗೆಂದು ಹುಮನಾಬಾದ್ ಬಸ್‌ಸ್ಟ್ಯಾಂಡಿನಲ್ಲಿ ಗಾಡಿ ನಿಂತಿತ್ತು. ದೇವಿಂದ್ರಪ್ಪ ಕಿಟಕಿಯಿಂದ ಹೊರಗೆ ನೋಡಿದ. ಎದುರಿನ ಹೋಟೆಲ್ಲಿನ ಬೆಂಚಿನ ಮೇಲೆ ವೈಜನಾಥ ಕೂತಿದ್ದ. ಬಶಿಗೆ ಸುರುವಿಕೊಂಡು, ಕಣ್ಣು ಮುಚ್ಚಿ, ಸೊರ್ರನೆ ಚಹಾ ಹೀರುತ್ತಿದ್ದ. ಕಣ್ಣು ತೆರೆದಾಗ ಇಬ್ಬರ ನೋಟವೂ ಕೂಡಿತು. ಬಶಿ ಗಾಳಿಯಲ್ಲೇ ನಿಂತಿತು. ದೇವಿಂದ್ರಪ್ಪ ಗಂಟೆ ಎಳೆದ, ಬಸ್ಸು ಹೊರಟಿತು. ಜಗಳ ಮಾಡುವುದು ಅವನಿಗೆ ಬರುತ್ತಿರಲಿಲ್ಲವೆಂದಲ್ಲ. ಇನ್ನೊಬ್ಬ ಗೌಂಡಿ ಸಿಗುತ್ತಿರಲಿಲ್ಲ.

ಮರುದಿನ, "ಪಿತ್ತ ಹ್ಯಾಂಗದ್ರಿ ಈಗ?" ಎಂದು ಕೇಳಿದ.

"ಜರಾ ಕಡಿಮಿ ಅದ್ರಿ ಸಾಹೇಬ್ರ," ಎಂದು ವೈಜನಾಥ ನೆಲ ನೋಡಿಕೊಂಡು ಹೇಳಿದ. ಅಂದು ಅವನು ಮಾಡಿದ ಕೆಲಸ ಎರಡಾಳಿನಷ್ಟಿತ್ತು. ಚಹಾ ಮಾತ್ರ ಕುಡಿಯಲಿಲ್ಲ.

ಮಾಡು ಏರಿ, ಹೊರಗೋಡೆಗೆ ಸಿಮೆಂಟಿನ ಗಿಲಾವು ಬಳಿಯುವ ಹೊತ್ತಿಗೆ ಮತ್ತೊಂದು ಬೇಸಿಗೆ ಬಂದಿತ್ತು. ಧೂಳಮ್ಮ ಜ್ವರ ಬಂದು ನಾಲ್ಕು ದಿನದಿಂದ ಕೇರಿಯಲ್ಲೇ ಮಲಗಿದ್ದಳು. ವೈಜನಾಥ ತಲೆಬಾಗಿಲ ತನಕ ಬಳಿಯುತ್ತ ಬಂದು ನಿಂತ.

"ಈ ಗೂಡಿಗೆ ಏನ್ ಮಾಡ್ಲಿ ಸಾಹೇಬ್ರ?"

"ಮುಚ್ಚರಿ."

ವೈಜನಾಥ ತನ್ನ ಸ್ಟೀಲ್ ಲೋಟ ತೆಗೆದು ಚೀಲಕ್ಕೆ ಹಾಕಿಕೊಂಡ. "ಈ ಕಪ್ಪ?"

ದೇವಿಂದ್ರಪ್ಪ ಅದನ್ನು ನೋಡಿದ. ಅವ್ವ ತಾನು ಕುಡಿದು ಕೊನೆಯ ಎರಡು ಗುಟುಕು ಉಳಿಸುತ್ತಿದ್ದಳು. ಇದೇ ಕಪ್ಪಿನ ಅಂಚಿಗೆ ಬಾಯಿ ಹಚ್ಚಿ ಅವನು ಕುಡಿಯುತ್ತಿದ್ದ. ತಳದಲ್ಲಿ ಸಕ್ಕರೆ ಇರುತ್ತಿತ್ತು. ಜಗತ್ತಿನಲ್ಲಿ ಅದಕ್ಕಿಂತ ರುಚಿಯಾದದ್ದು ಇರಲಿಲ್ಲ. ಆ ರುಚಿ ಇನ್ನೂ ನೆನಪಿದೆಯಲ್ಲ ಎಂಬುದಕ್ಕೇ ಅವನಿಗೆ ಸಿಟ್ಟು ಏರಿತು.

"ಅದರ ಸಮೇತ ಮುಚ್ಚರಿ."

"ಯಾರದರೆ ಇರಬೇಕ್ರಿ..."

"ಯಾರದೂ ಅಲ್ಲ."

ವೈಜನಾಥ ಕಪ್ಪನ್ನು ಒಂದಿಷ್ಟು ಒಳಗೆ ಸರಿಸಿ, ಎರಡು ಕಲ್ಲು ಹೊಂದಿಸಿ, ಸಂದಿ ಮುಚ್ಚಿ, ಮೇಲೆ ಗಿಲಾವು ಎಳೆದ. ಒದ್ದೆ ಇರುವಾಗಲೇ ಹಲಗೆಯಿಂದ ತಿಕ್ಕಿ ತಿಕ್ಕಿ ನುಣುಪು ಮಾಡಿದ. ಅಲ್ಲೊಂದು ಗೂಡಿತ್ತೆಂದು ಹೇಳಲು ಗುರುತೂ ಉಳಿಯಲಿಲ್ಲ. ಕೆಲಸದಲ್ಲಿ ಅವನಿಗೆ ಹೆಸರಿಡುವಂತಿರಲಿಲ್ಲ.

ತೊಂಬತ್ತೆಂಟರ ಬುದ್ಧ ಪೂರ್ಣಿಮೆಯ ದಿನ ಮನೆ ಹೊಕ್ಕರು. ಕೇರಿಯವರೆಲ್ಲ ಬಿಳಿ ಬಟ್ಟೆಯಲ್ಲಿ ಬಂದು, ಮೇಣದ ಬತ್ತಿ ಹಚ್ಚಿ, ಬುದ್ಧ ವಂದನೆ ಹೇಳಿ, ಪಡಸಾಲೆ ತುಂಬ ಕೂತರು. ಓಣಿಯ ಮನೆಗಳಿಂದ ಯಾರೂ ಬರಲಿಲ್ಲ. ಮಹಾರುದ್ರಪ್ಪನಿಗೆ ಅವತ್ತೇ ಬಸವಕಲ್ಯಾಣದಲ್ಲಿ ತುರ್ತು ಕೆಲಸ ಬಂದಿತ್ತು. ವೈಜನಾಥ ಏಣಿ ಒಯ್ಯಲು ಬಂದವನು ಬಾಗಿಲಲ್ಲೇ ಕೈಮುಗಿದ. ಸೋಮವಾರ ಉಪವಾಸವಂತೆ. ದೇವಿಂದ್ರಪ್ಪ ಯಾವುದಕ್ಕೂ ಬೇಸರಪಡಲಿಲ್ಲ. ಅವನ ಕಣ್ಣು ಬೇವಿನ ಮರದ ಮೇಲಿತ್ತು.

ಕಮಳಾಬಾಯಿ ಅತ್ತೆಯ ರಟ್ಟೆ ಹಿಡಿದು ಕರೆತಂದಳು. ಜ್ವರದಿಂದೆದ್ದ ಮುದುಕಿಯ ಮೈಯಲ್ಲಿ ಏನೂ ಉಳಿದಿರಲಿಲ್ಲ. ಚಪ್ಪಲಿಯನ್ನು ಮರದ ಕೆಳಗೇ ಬಿಟ್ಟಿದ್ದಳು. ಹೊಸ್ತಿಲ ಹತ್ತಿರ ನಿಂತಳು. "ಅತ್ತಿ, ಕಾಲ ಎತ್ತರಿ," ಎಂದಳು ಕಮಳಾಬಾಯಿ. ಧೂಳಮ್ಮ ಕಾಲು ಎತ್ತಿದಳು, ಬಹಳ ಎತ್ತರಕ್ಕೆ ಎತ್ತಿದಳು, ಒಳಗಿಟ್ಟಳು.

ನೆಲಕ್ಕೆ ಕೂರಹೋದವಳನ್ನು ಮಗ ತಡೆದು ಕುರ್ಚಿಯಲ್ಲಿ ಕೂರಿಸಿದ. ಅವಳು ಅಂಚಿನಲ್ಲಿ ಕೂತಳು. ಹೊಸ ಲೋಟದಲ್ಲಿ ಚಹಾವನ್ನು ತಾನೇ ತಂದು ಅವಳ ಎರಡೂ ಕೈಗಳ ನಡುವೆ ಇಟ್ಟ. ಅವಳು ಊದಿ ಊದಿ ಕುಡಿದಳು. ದೇವಿಂದ್ರಪ್ಪನ ನಾಲ್ಕು ವರ್ಷದ ದಣಿವು ಆ ಒಂದು ಲೋಟದಲ್ಲಿ ಇಳಿದಂತಾಯಿತು.

"ಹ್ಯಾಂಗದವ್ವಾ?"

"ಚೊಲೋ ಅದ. ಸಕ್ರಿ ಬಾಳ ಆಗ್ಯದ."

ಎಲ್ಲರೂ ನಕ್ಕರು. ಊಟದ ಗಡಿಬಿಡಿ ಶುರುವಾಯಿತು. ಆ ಗದ್ದಲದಲ್ಲಿ ಧೂಳಮ್ಮ ಎದ್ದು, ಲೋಟ ಹಿಡಿದುಕೊಂಡು, ಗೋಡೆ ತಡವುತ್ತ ಹೊರಗೆ ಹೋದಳು. ಬಾಯಿ ತೊಳೆಯಲು ಹೋದಳೆಂದುಕೊಂಡ ದೇವಿಂದ್ರಪ್ಪ, ಎಲ್ಲಿ ಬಿದ್ದುಬಿಡುತ್ತಾಳೋ ಎಂದು ಹಿಂದೆಯೇ ಬಂದು ಬಾಗಿಲಲ್ಲಿ ನಿಂತ.

ಅವಳು ಅಂಗಳದ ಕೊಡದಿಂದ ನೀರು ತೆಗೆದು ಲೋಟ ತೊಳೆದಳು. ಹೊರಗೋಡೆಯ ಹತ್ತಿರ ಬಂದಳು. ಕೈ ತಡಕಾಡದೆ ನೇರ ಆ ಜಾಗಕ್ಕೇ ಏರಿ, ಸಿಮೆಂಟಿಗೆ ತಾಗಿ ನಿಂತಿತು. ಎಡಕ್ಕೆ ಸವರಿದಳು, ಬಲಕ್ಕೆ ಸವರಿದಳು, ಮೇಲೆ ಕೆಳಗೆ ಸವರಿ ಮತ್ತೆ ಅಲ್ಲಿಗೇ ಬಂದಳು.

"ಇಲ್ಲೇ ಇತ್ತು," ಎಂದಳು, ತನಗೆ ತಾನೇ.

ಅವಳ ಅಂಗೈಗೂ ಕಪ್ಪಿಗೂ ನಡುವೆ ಇದ್ದದ್ದು ಒಂದು ಗೇಣು ಕಲ್ಲು. ದೇವಿಂದ್ರಪ್ಪ ಹೊಸ್ತಿಲ ಮೇಲೆ ನಿಂತು ನೋಡುತ್ತಿದ್ದ. 

ಧೂಳಮ್ಮ ನಿಧಾನವಾಗಿ ಬಗ್ಗಿ, ಲೋಟವನ್ನು ಗೋಡೆಯ ಬುಡದಲ್ಲಿ ನೆಲದ ಮೇಲೆ ಬೋರಲು ಹಾಕಿದಳು. ಕೈಯನ್ನು ಸೀರೆಗೆ ಒರೆಸಿಕೊಂಡಳು. ಬಾಗಿಲ ಕಡೆ ತಿರುಗಿದಳು. ಪೊರೆಯ ಕಣ್ಣಿಗೆ ಅಲ್ಲಿ ಬಿಳಿ ಅಂಗಿಯ ಗಂಡಸೊಬ್ಬ ನಿಂತಂತೆ ಕಂಡಿತು. ಅವಳು ತಲೆಯ ಮೇಲೆ ಸೆರಗು ಎಳೆದುಕೊಂಡಳು.

"ಬರ್ತೀನ್ರಿ ಯಪ್ಪಾ," ಎಂದಳು.

ಹೇಳಿ, ಬೇವಿನ ಮರದ ಕೆಳಗೆ ಬಿಟ್ಟ ಚಪ್ಪಲಿಯ ಕಡೆಗೆ ಹೆಜ್ಜೆ ಹಾಕಿದಳು. ಗೋಡೆಯ ಬುಡದಲ್ಲಿ ಲೋಟದ ಅಂಚಿನಿಂದ ನೀರು ಜಿನುಗಿ, ಹೊಸ ಸಿಮೆಂಟಿನ ನೆಲದ ಮೇಲೆ ದುಂಡಗೆ ಒಂದು ಒದ್ದೆ ಮೂಡಿತ್ತು.