ಮಾತಾಡೋಕೂ ಫೀಸಾ?

ಲಿಫ್ಟ್ ರಿಪೇರಿಯವನೇ ಮೆಟ್ಟಿಲು ಹತ್ತಿಕೊಂಡು ಹೋದರೆ ಜನ ನಗುತ್ತಾರೆ. ನಕ್ಕರು ಕೂಡ.

"ಏನಪ್ಪಾ ಮೆಕ್ಯಾನಿಕ್, ನೀನು ರಿಪೇರಿ ಮಾಡಿದ ಲಿಫ್ಟನ್ನ ನೀನೇ ನಂಬಲ್ವಾ?" ಎಂದು ಕಟ್ಟಡದ ಕಾವಲುಗಾರ ಕೇಳಿದ. ಮೆಕ್ಯಾನಿಕ್ ಟೂಲ್ ಬ್ಯಾಗ್ ಹೆಗಲಿಗೇರಿಸಿಕೊಂಡು ಏಳನೇ ಮಹಡಿಗೆ ನಡೆದೇ ಹೋದ.

ಆಗಿದ್ದಿಷ್ಟು. ಅವನು ಲಿಫ್ಟಿನ ನೆತ್ತಿಯ ಮೇಲೆ ಕೂತು ಹಗ್ಗಗಳಿಗೆ ಗ್ರೀಸ್ ಹಚ್ಚುತ್ತಿದ್ದಾಗ ಕೆಳಗೆ ಯಾರೋ ತಿಳಿಯದೆ ಮೇನ್ ಸ್ವಿಚ್ ಹಾಕಿಬಿಟ್ಟರು. ಲಿಫ್ಟ್ ಮೇಲೇರಿತು. ಛಾವಣಿಗೂ ಅವನ ಎದೆಗೂ ಗೇಣಷ್ಟು ಜಾಗ ಉಳಿದಾಗ ನಿಂತಿತು. ಕತ್ತಲಲ್ಲಿ ಅಂಗಾತ ಬಿದ್ದುಕೊಂಡಿದ್ದವನನ್ನು ಹೊರಗೆ ತೆಗೆಯಲು ಬಹಳ ಹೊತ್ತು ಹಿಡಿಯಿತು. ಬಂದವರೆಲ್ಲ ಒಂದೇ ಮಾತು ಹೇಳಿದರು: "ಕೂದಲೂ ಕೊಂಕಲಿಲ್ಲ ನೋಡು, ಪುಣ್ಯವಂತ."

ಕೂದಲು ಕೊಂಕಿರಲಿಲ್ಲ, ನಿಜ. ಆದರೆ ಅಂದಿನಿಂದ ಅವನು ಬಚ್ಚಲುಮನೆಯ ಬಾಗಿಲು ಹಾಕಿಕೊಳ್ಳುತ್ತಿರಲಿಲ್ಲ. ಹೈಸ್ಕೂಲಿಗೆ ಹೋಗುವ ಮಗಳು ಮುಜುಗರಪಟ್ಟು ಬೈದರೆ ಅವಳ ಮೇಲೆಯೇ ಹರಿಹಾಯುತ್ತಿದ್ದ. ಮಲಗಿದರೆ ಹೊದಿಕೆ ಎದೆಗೆ ತಾಕಬಾರದು. ಕೆಲಸದಲ್ಲಿ ಒಂದಲ್ಲ ಒಂದು ನೆಪ. ಕೊನೆಗೆ ಮೇಸ್ತ್ರಿ, "ಲಿಫ್ಟಿನ ಕೆಳಗಿನ ಗುಂಡಿಗೆ ಇಳಿಯದ ಮೆಕ್ಯಾನಿಕ್‌ನ ಇಟ್ಕೊಂಡು ನಾನೇನು ಮಾಡ್ಲಿ?" ಎಂದುಬಿಟ್ಟ.

ಡಾಕ್ಟರು ಎದೆ ಪರೀಕ್ಷೆ, ರಕ್ತ ಪರೀಕ್ಷೆ ಎಲ್ಲ ಮಾಡಿಸಿ, "ದೇಹಕ್ಕೇನೂ ಆಗಿಲ್ಲ. ಮನಸ್ಸಿಗೆ ಪೆಟ್ಟು ಬಿದ್ದಿದೆ. ಆಪ್ತಸಮಾಲೋಚಕರನ್ನು ನೋಡಿ" ಎಂದರು. ದೊಡ್ಡಾಸ್ಪತ್ರೆಯಲ್ಲಿ ಈ ಸೇವೆ ಉಚಿತವಾಗಿತ್ತು, ಆದರೆ ಸರದಿ ಬರಲು ತಿಂಗಳುಗಳೇ ಬೇಕಿತ್ತು. ಉಳಿದದ್ದು ಖಾಸಗಿ.

ಮೆಕ್ಯಾನಿಕ್‌ನ ಹೆಂಡತಿ ಮನೆಯ ಮುಂದಿನ ಕೋಣೆಯಲ್ಲೇ ಹೊಲಿಗೆ ಅಂಗಡಿ ಇಟ್ಟವಳು. ಬಟ್ಟೆ ಮುಟ್ಟಿದರೆ ಸಾಕು, ಒಗೆದ ಮೇಲೆ ಎಷ್ಟು ಕುಗ್ಗುತ್ತದೆ ಎಂದು ಹೇಳುವಳು. ಯಾರ ಮಾತನ್ನೂ ಸುಲಭಕ್ಕೆ ನಂಬುವವಳಲ್ಲ.

"ಮಾತಾಡೋಕೂ ಫೀಸಾ?" ಎಂದಳು ಅವಳು. "ಮನೇಲಿ ನಾನಿದೀನಿ, ಬಿಟ್ಟಿಯಾಗಿ ಕೇಳ್ತೀನಿ. ನನ್ನ ಹತ್ರ ಬಾಯಿಗೆ ಬೀಗ, ಅಲ್ಲಿ ಹೋಗಿ ದುಡ್ಡು ಕೊಟ್ಟು ಬೀಗ ತೆಗೀತೀರಾ?"

ಆದರೂ ಮೇಸ್ತ್ರಿಯ ಮಾತು ನೆನಪಾಗಿ ಗಂಡನ ಜೊತೆ ಹೊರಟಳು. ಪೇಟೆಯಲ್ಲಿ ಒಂದು ಕೇಂದ್ರವಿತ್ತು. 'ಭಯ ಮಾಯ, ಗ್ಯಾರಂಟಿ' ಎಂದು ಬೋರ್ಡು. ಒಳಗಿದ್ದ ಕೋಟಿನ ಮನುಷ್ಯ ಗಂಡನಿಗೆ ಏನಾಗಿದೆ ಎಂದೇ ಕೇಳಲಿಲ್ಲ. "ಪೂರ್ತಿ ಪ್ಯಾಕೇಜಿನ ದುಡ್ಡು ಇವತ್ತೇ ಕಟ್ಟಿದ್ರೆ ಅರ್ಧಕ್ಕರ್ಧ ರಿಯಾಯಿತಿ" ಎಂದ.

"ನೀವು ಏನು ಓದಿದೀರಿ?" ಎಂದು ಅವಳು ಕೇಳಿದಳು.

ಅವನು ಗೋಡೆ ತೋರಿಸಿದ. ಅಲ್ಲಿ ಅವನು ಯಾರ‍್ಯಾರದೋ ಕೈ ಕುಲುಕುತ್ತಿದ್ದ ಫೋಟೋಗಳಿದ್ದವು.

"ಫೋಟೋ ಚೆನ್ನಾಗಿದೆ. ಓದಿದ್ದೇನು ಅಂದೆ."

"ಅನುಭವಕ್ಕಿಂತ ದೊಡ್ಡ ಓದು ಯಾವ್ದಿದೆ ಮೇಡಂ?"

ಅವಳು ಗಂಡನ ತೋಳು ಹಿಡಿದು ಎಬ್ಬಿಸಿಕೊಂಡು ಬಂದಳು.

ಮನೆಗೆ ಬಂದವಳು ಪಕ್ಕದ ಮನೆಯ ನರ್ಸಕ್ಕನ ಮುಂದೆ ಎಲ್ಲ ಒದರಿದಳು. ನರ್ಸಕ್ಕ ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಕೆಲಸ ಮಾಡುವವಳು. ಅಂದು ತನ್ನ ಯೂನಿಫಾರ್ಮ್ ಬಿಗಿಯಾಯಿತೆಂದು ಹೊಲಿಗೆ ಬಿಚ್ಚಿಸಲು ಬಂದಿದ್ದಳು.

"ಎಲ್ಲಾ ಒಂದೇ ಜಾತಿ ಅಕ್ಕ. ಬೆಳ್ಳಗಿರೋದೆಲ್ಲ ಹಾಲಲ್ಲ."

"ಹಾಗಂತ ಹಾಲು ಇಲ್ಲವೇ ಇಲ್ಲ ಅಂತೀಯಾ?" ನರ್ಸಕ್ಕ ನಕ್ಕಳು. "ನೀನು ಎದ್ದು ಬಂದಿದ್ದು ಸರಿ ಕಣೇ. ಗ್ಯಾರಂಟಿ ಅಂದವರನ್ನ, ಪೂರ್ತಿ ದುಡ್ಡು ಮುಂಚೇನೇ ಕೇಳೋರನ್ನ ನಂಬಬಾರ್ದು. ಆದ್ರೆ ಅನುಮಾನ ಕಟ್ಕೊಂಡು ಮನೇಲಿ ಕೂತ್ರೆ ಭಾವನಿಗೆ ನಿದ್ದೆ ಬರುತ್ತಾ? ನಮ್ಮ ಡಾಕ್ಟರು ಕಳಿಸೋ ಒಬ್ರು ಮೇಡಂ ಇದಾರೆ. ಫೋನ್ ಮಾಡು. ಎಷ್ಟು ಬೇಕೋ ಅಷ್ಟು ಪ್ರಶ್ನೆ ಕೇಳು."

ಅವಳು ಫೋನನ್ನು ಹೊಲಿಗೆ ಮಷಿನ್ ಮೇಲಿಟ್ಟು ಸ್ಪೀಕರ್ ಹಾಕಿದಳು. ನಮಸ್ಕಾರವನ್ನೂ ಹೇಳದೆ ಶುರು ಮಾಡಿದಳು.

"ಏನು ಓದಿದೀರಿ?"

ಆ ಕಡೆಯಿಂದ ಸಮಾಧಾನದ ದನಿ ಬಂತು. "ಮನಶ್ಶಾಸ್ತ್ರದಲ್ಲಿ ಎಂ.ಎ., ಆಮೇಲೆ ಚಿಕಿತ್ಸೆಯ ತರಬೇತಿ. ಸರ್ಟಿಫಿಕೇಟು ಇಲ್ಲೇ ಇದೆ, ಬಂದಾಗ ಓದಿ ನೋಡಿ. ಮಾತ್ರೆ ಬರೆಯೋದು ನನ್ನ ಕೆಲಸ ಅಲ್ಲ. ಬೇಕು ಅನಿಸಿದ್ರೆ ಮನೋವೈದ್ಯರ ಹತ್ರ ಕಳಿಸ್ತೀನಿ."

"ಫೀಸು?"

"ಒಂದು ಸಲ ಕೂತಿದ್ದಕ್ಕೆ ಇಷ್ಟು ಅಂತ ಮೊದ್ಲೇ ಹೇಳ್ತೀನಿ. ಪ್ರತಿ ಸಲ ಮುಗಿದ ಮೇಲೆ ಕೊಡಿ. ಬರೋಕೆ ಆಗದಿದ್ರೆ ಹಿಂದಿನ ದಿನಾನೇ ತಿಳಿಸಿ. ತಿಳಿಸದೆ ತಪ್ಪಿಸಿದ್ರೆ ಅರ್ಧ ಫೀಸು ತಗೋತೀನಿ, ಯಾಕಂದ್ರೆ ಆ ಹೊತ್ತು ನಿಮಗಂತಲೇ ಖಾಲಿ ಇಟ್ಟಿರ್ತೀನಿ. ವಾರ ವಾರ ಕೊಡೋದು ಕಷ್ಟ ಆದ್ರೆ ಬಾಯಿಬಿಟ್ಟು ಹೇಳಿ. ಎರಡು ವಾರಕ್ಕೊಮ್ಮೆ ಮಾಡೋಣ. ಕಡಿಮೆ ಫೀಸಿನ ಕೆಲವು ಸಮಯಾನೂ ಇಟ್ಟಿದೀನಿ."

"ವಾಸಿ ಆಗುತ್ತೆ ಅಂತ ಗ್ಯಾರಂಟಿ ಇದ್ಯಾ?"

"ಇಲ್ಲಮ್ಮ."

ಹೊಲಿಗೆಯವಳು ನರ್ಸಕ್ಕನ ಮುಖ ನೋಡಿದಳು. ದನಿ ಮುಂದುವರಿಯಿತು. "ತುಂಬಾ ಜನಕ್ಕೆ ಪ್ರಯೋಜನ ಆಗಿದೆ, ಅಷ್ಟು ಹೇಳಬಲ್ಲೆ. ನಾಲ್ಕೈದು ಸಲ ಆದ ಮೇಲೆ ನಿಮ್ಮೋರೂ ನಾನೂ ಕೂತು ನೋಡ್ತೀವಿ, ಏನಾದ್ರೂ ಹಗುರ ಆಗ್ತಿದ್ಯಾ ಅಂತ. ನಾನು ಅವರಿಗೆ ಹೊಂದಲಿಲ್ಲ ಅಂದ್ರೆ ಬೇರೆಯವರ ಹೆಸರು ಕೊಡ್ತೀನಿ. ನನಗೇನೂ ಬೇಜಾರಿಲ್ಲ."

ಫೋನ್ ಇಟ್ಟ ಮೇಲೆ ಅವಳು ಗೊಣಗಿದಳು. "ಮಾತು ನಯವಾಗಿದೆ. ಅದೇ ಭಯ."

ಆದರೂ ಹೋದರು. ಸರ್ಟಿಫಿಕೇಟನ್ನು ಅವಳು ಕನ್ನಡಕ ಹಾಕಿಕೊಂಡು ಓದಿದಳು. ಕೋಣೆಯಲ್ಲಿ ಎರಡು ಕುರ್ಚಿ, ಒಂದು ಕಿಟಕಿ, ಮೇಜಿನ ಮೇಲೆ ನೀರಿನ ಜಗ್. ಮೆಕ್ಯಾನಿಕ್ ಬಾಗಿಲ ಪಕ್ಕದ ಕುರ್ಚಿಯಲ್ಲಿ ತುದಿಗೆ ಕೂತ. "ಬಾಗಿಲು ಎಷ್ಟು ತೆರೆದಿರಲಿ, ನೀವೇ ಹೇಳಿ" ಎಂದರು ಮೇಡಂ. ಅಪಘಾತದ ನಂತರ ಹಾಗೆ ಕೇಳಿದವರು ಅವರೊಬ್ಬರೇ. ಅವನು ಅರ್ಧ ತೆರೆದಿಡಿಸಿದ. ಹೆಂಡತಿ ಹೊರಗೆ ವರಾಂಡದ ಆ ತುದಿಯ ಬೆಂಚಿನಲ್ಲಿ ಕಿವಿ ನಿಮಿರಿಸಿ ಕೂತಳು. ಏನೂ ಕೇಳಿಸಲಿಲ್ಲ.

"ಏನು ಮಾಡಿದ್ರು?" ದಾರಿಯಲ್ಲಿ ಕೇಳಿದಳು.

"ಮಾತಾಡಿದ್ವಿ."

"ಏನು ಮಾತು?"

"ನಿದ್ದೆ, ಊಟ, ಕೆಲಸ ಅಂತ ಕೇಳಿದ್ರು. ಹೇಳೋಕಾಗದ್ದನ್ನ ಇವತ್ತೇ ಹೇಳ್ಬೇಕಾಗಿಲ್ಲ ಅಂದ್ರು."

ಇಷ್ಟಕ್ಕೆ ದುಡ್ಡು ಎಣಿಸಿಕೊಟ್ಟೆನಲ್ಲ ಎಂದು ಅವಳ ಹೊಟ್ಟೆ ಉರಿಯಿತು. ಎರಡನೇ ಸಲ ಹೋಗಿ ಬಂದವನು ಇನ್ನೂ ಮಂಕಾಗಿದ್ದ. ಊಟ ಮುಟ್ಟಲಿಲ್ಲ, ಮಗಳ ಮೇಲೆ ಕೂಗಾಡಿದ. ಇದು ದುಡ್ಡು ಕೊಟ್ಟು ದುಃಖ ತಂದ ಹಾಗಾಯಿತು ಎಂದುಕೊಂಡಳು. ಅದಕ್ಕಿಂತ ದೊಡ್ಡ ಅನುಮಾನ ಬೇರೆಯೇ ಇತ್ತು. ಈ ಮನುಷ್ಯ ಅಲ್ಲಿ ನನ್ನ ಬಗ್ಗೆ ಏನು ಹೇಳುತ್ತಿದ್ದಾನೆ?

ಮರುದಿನ ಒಬ್ಬಳೇ ಹೋಗಿ ಮೇಡಂ ಮುಂದೆ ನಿಂತಳು.

"ನಮ್ಮನೆಯವರ ಸ್ಥಿತಿ ಇನ್ನೂ ಕೆಟ್ಟಿದೆ. ಏನು ಮಾಡಿದ್ರಿ ಅವರಿಗೆ?"

"ಶುರುವಿನಲ್ಲಿ ಕೆಲವರಿಗೆ ಹಾಗಾಗುತ್ತೆ. ಅದುಮಿಟ್ಟಿದ್ದು ಮೇಲೆ ಬರೋವಾಗ ನೋಯುತ್ತೆ. ಅದನ್ನ ನನಗೇ ಹೇಳೋಕೆ ಅವರಿಗೆ ಹೇಳಿ. ನಿಧಾನ ಮಾಡ್ತೀವಿ. ಎಲ್ಲ ಅವರ ಹೆಜ್ಜೆ ನೋಡ್ಕೊಂಡೇ."

"ನನ್ನ ವಿಷಯ ಏನು ಹೇಳಿದಾರೆ?"

"ಅದನ್ನ ನಾನು ಹೇಳೋ ಹಾಗಿಲ್ಲ."

"ನಾನು ಅವರ ಹೆಂಡತಿ!"

"ನೀವು ನಾಳೆ ಬಂದು ಇಲ್ಲಿ ಅವರನ್ನ ಬಾಯಿಗೆ ಬಂದ ಹಾಗೆ ಬೈದ್ರೂ ಅವರಿಗೆ ಹೇಳಲ್ಲ" ಎಂದರು ಮೇಡಂ. "ಯಾರ ಜೀವಕ್ಕಾದ್ರೂ ಅಪಾಯ ಇದೆ ಅನಿಸಿದ್ರೆ ಮಾತ್ರ ಬೇರೆಯವರಿಗೆ ತಿಳಿಸ್ತೀನಿ. ಇದನ್ನ ಮೊದಲ ದಿನವೇ ಅವರಿಗೂ ಹೇಳಿದೀನಿ."

ಅವಳು ಸಿಟ್ಟಿನಲ್ಲೇ ಹೊರಟಳು. ದಾರಿಯುದ್ದಕ್ಕೂ ಆ ಮಾತು ತಲೆಯಲ್ಲೇ ಇತ್ತು. ತಾನೂ ಅಷ್ಟೇ ತಾನೆ? ಬೀದಿಯ ಹೆಂಗಸರ ಅಳತೆಯೆಲ್ಲ ತನಗೆ ಗೊತ್ತು. ಒಬ್ಬರ ಸೊಂಟದ ಸುತ್ತಳತೆಯನ್ನು ಇನ್ನೊಬ್ಬರಿಗೆ ಹೇಳಿದ ದಿನ ಅಂಗಡಿ ಮುಚ್ಚಬೇಕು. ಮನೆ ಸೇರುವಷ್ಟರಲ್ಲಿ, ಈ ಹೆಂಗಸಿನ ಹೊಟ್ಟೆಯಲ್ಲಿ ಗುಟ್ಟು ನಿಲ್ಲುತ್ತೆ ಎಂದು ತನಗೆ ತಾನೇ ಒಪ್ಪಿಕೊಂಡಳು.

ಮುಂದಿನ ವಾರಗಳಲ್ಲಿ ಮೆಕ್ಯಾನಿಕ್ ಮೇಡಂ ಹೇಳಿಕೊಟ್ಟದ್ದನ್ನು ಮನೆಯಲ್ಲಿ ಅಭ್ಯಾಸ ಮಾಡತೊಡಗಿದ. ಬಚ್ಚಲುಮನೆಯ ಬಾಗಿಲು ಅರ್ಧ ಹಾಕಿ ನಿಲ್ಲುವುದು, ಉಸಿರನ್ನು ನಿಧಾನವಾಗಿ ಬಿಡುವುದು. ಆಮೇಲೆ ಮುಕ್ಕಾಲು. ಒಂದು ದಿನ ಚಿಲಕ ಬಿದ್ದ ಸದ್ದಾಯಿತು. ಹೊರಗೆ ಮಗಳು ಉಸಿರು ಬಿಗಿಹಿಡಿದು ನಿಂತಿದ್ದಳು. ಕೆಲಸದಲ್ಲಿ ಮೊದಲು ಲಿಫ್ಟಿನ ಮುಂದೆ ನಿಂತ, ಆಮೇಲೆ ಒಳಗೆ ಹೋಗಿ ಒಂದು ಮಹಡಿ ಏರಿದ. ಲಿಫ್ಟಿನ ನೆತ್ತಿಗೆ ಹತ್ತಲು ಇನ್ನೂ ಆಗುತ್ತಿಲ್ಲ. ಡಾಕ್ಟರ ಚೀಟಿ ನೋಡಿ ಮೇಸ್ತ್ರಿ ಸದ್ಯಕ್ಕೆ ಕಂಟ್ರೋಲ್ ಪ್ಯಾನೆಲ್ ಕೆಲಸ ಕೊಟ್ಟಿದ್ದಾನೆ. ಮೇಡಂ ಭೇಟಿ ಈಗ ತಿಂಗಳಿಗೊಮ್ಮೆ.

ಒಂದು ಮಧ್ಯಾಹ್ನ ಅವಳು ಅಂಗಿಗೆ ಗುಂಡಿ ಹಾಕುತ್ತಿದ್ದಾಗ ಅವನು ಬಂದು ಎದುರಿಗೆ ಕೂತ. ಅವಳು ಏನನ್ನೂ ಕೇಳಲಿಲ್ಲ.

"ಅವತ್ತು ಮೇಲೆ ಸಿಕ್ಕಿಹಾಕ್ಕೊಂಡಿದ್ದಾಗ..." ಎಂದ. ಡಬ್ಬಿಯಿಂದ ಒಂದು ಗುಂಡಿ ತೆಗೆದು ಬೆರಳಲ್ಲಿ ತಿರುಗಿಸಿದ. "ನಾನು ಅತ್ತುಬಿಟ್ಟೆ ಕಣೇ. ಅಮ್ಮಾ ಅಂತ ಕಿರುಚ್ದೆ. ಕೆಳಗೆ ಎಲ್ರೂ ಕೇಳಿಸ್ಕೊಂಡ್ರು. ಆಮೇಲೆ ಯಾರ ಮುಖ ನೋಡೋಕೂ ನಾಚಿಕೆ ಆಗ್ತಿತ್ತು. ನಿನ್ನದೂ."

ಅವಳು ಸೂಜಿ ಕೆಳಗಿಟ್ಟಳು. "ಅಳದೆ ಇನ್ನೇನು ಮಾಡ್ತೀರಿ? ಅಂಥ ಜಾಗದಲ್ಲಿ ಮಲಗಿ ಹಾಡು ಹೇಳ್ತಿದ್ರಾ?"

ಅವನು ನಕ್ಕ. ನಗುತ್ತಲೇ ಕಣ್ಣೊರೆಸಿಕೊಂಡ. ಅವಳೂ ಒರೆಸಿಕೊಂಡಳು, ದಾರ ಕಾಣಿಸುತ್ತಿಲ್ಲ ಎಂದು ನೆಪ ಹೇಳಿ.

ಇದನ್ನು ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಗಾಯವಿಲ್ಲದ ನೋವು ಹೊತ್ತವರು ಇರಬಹುದು. ಚಿಕಿತ್ಸೆಗೆ ಕರೆದೊಯ್ಯಲು ನಿಮಗೆ ಅನುಮಾನವಿದ್ದರೆ ತಪ್ಪಲ್ಲ, ದುಡಿದ ದುಡ್ಡು ನಿಮ್ಮದು. ಮೊದಲು ಸರ್ಕಾರಿ ಆಸ್ಪತ್ರೆಯಲ್ಲಿ ವಿಚಾರಿಸಿ. ಖಾಸಗಿಯಾಗಿ ಹೋಗುವುದಾದರೆ ಓದನ್ನು ಕೇಳಿ, ಫೀಸನ್ನು ಮೊದಲೇ ಕೇಳಿ, ಗುಟ್ಟು ಉಳಿಯುತ್ತದೆಯೇ ಎಂದು ಕೇಳಿ. ಒಂದೇ ವಾರದಲ್ಲಿ ಪವಾಡ ಬಯಸಬೇಡಿ. ಪ್ರಾಣ ಬಿಡುವ ಮಾತು ಯಾರ ಬಾಯಲ್ಲಾದರೂ ಬಂದರೆ ಒಂದು ಗಳಿಗೆಯೂ ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಪ್ರಶ್ನೆಗೆ ಉತ್ತರ ಕೊಡದವರ ಮುಂದಿನಿಂದ ಎದ್ದು ಬನ್ನಿ. ನೇರವಾಗಿ ಉತ್ತರ ಕೊಟ್ಟವರ ಮುಂದೆ ಸ್ವಲ್ಪ ಹೊತ್ತು ಕೂತು ನೋಡಿ.