ಅಲ್ಲಾಡದ ಸಾರುವೆ

ಮುಟ್ಟಿದ ಕೂಡಲೇ ಅಕ್ಷತಳಿಗೆ ಗೊತ್ತಾಯಿತು. ರೇಷ್ಮೆಗೂಡುಗಳನ್ನು ಅರ್ಧಕ್ಕೆ ಕತ್ತರಿಸಿ, ಒಂದರ ಬಾಯಿಗೊಂದು ಸಿಕ್ಕಿಸಿ ಅವಳು ಮಾಡಿದ್ದ ಕೊಳವೆಗಳು ಕಟ್ಟಿಗೆಯಂತೆ ಬಿಗಿದಿದ್ದವು. ಸಂದುಸಂದಿನಲ್ಲೂ ಅಂಟು ಒಣಗಿತ್ತು.

ಇನ್ನೇನು ದೇವನಹಳ್ಳಿಯ ಬಸ್ಸು ಬರುವ ಹೊತ್ತು. ಅಲ್ಲಿ ಹೈಸ್ಕೂಲು ಮಕ್ಕಳ ವಿಜ್ಞಾನ ಪ್ರದರ್ಶನ. ಜೀವಕೋಶದೊಳಗೆ ಪ್ರೋಟೀನಿನ ಕೊಳವೆಗಳಿವೆ. ಕಟ್ಟಡದ ಸುತ್ತ ನಿಲ್ಲಿಸುವ ಮರದ ಅಟ್ಟಣೆಯಂತೆ ಅವೇ ಕೋಶಕ್ಕೆ ಸಾರುವೆ. ತುದಿಗೆ ತುಣುಕು ಸೇರಿಸಿಕೊಂಡು ಬೆಳೆಯುತ್ತವೆ, ಬೇಡವಾದಾಗ ಕಳಚಿಕೊಳ್ಳುತ್ತವೆ, ಕೋಶ ಎರಡಾಗುವಾಗ ಅದೇ ತುಣುಕುಗಳು ಬೇರೆ ಕಡೆ ಎದ್ದು ನಿಲ್ಲುತ್ತವೆ. ಅದನ್ನೆಲ್ಲ ಅವಳು ಈ ಗೂಡಿನ ಕೊಳವೆಗಳಿಂದ ಕೈಯಾರೆ ಮಾಡಿ ತೋರಿಸಬೇಕಿತ್ತು.

"ಯಾರು ಮುಟ್ಟಿದ್ದು ಇದನ್ನ?"

ಚಿಕ್ಕಪ್ಪ ಮುನಿಕೃಷ್ಣ ಹಲ್ಲುಜ್ಜುತ್ತಲೇ ನಕ್ಕ. ಹೊಸ ಏರ್‌ಪೋರ್ಟಿನ ಕಟ್ಟಡಕ್ಕೆ ಸಾರುವೆ ಕಟ್ಟುವ ಮೇಸ್ತ್ರಿ ಅವನು. ಕಟ್ಟಿದ ಮರವನ್ನು ಒದ್ದು ನೋಡದೆ ಒಬ್ಬರನ್ನೂ ಮೇಲೆ ಹತ್ತಿಸಿದವನಲ್ಲ.

"ನಾನೇ ಕಣವ್ವ. ಮುಟ್ಟುದ್ರೆ ಕಳಚ್ಕಂಡು ಬರ್ತಿತ್ತು. ನಾಕು ಜನದ ಮುಂದೆ ಬಿದ್ದೋದ್ರೆ ಮೇಸ್ತ್ರಿ ಮನೆ ಹುಡುಗಿ ಅಂತಾರಾ?"

"ಕಳಚ್ಲಿ ಅಂತಾನೇ ಮಾಡಿದ್ದು."

"ಸಾರ್ವೆ ಅಂದ್ಮೇಲೆ ಅಲ್ಲಾಡ್ಬಾರ್ದು."

"ಅಲ್ಲಾಡ್ದಿದ್ರೆ ಕೋಶ ಎರಡಾಗಕ್ಕೇ ಆಗಲ್ಲ, ಅಲ್ಲೇ ಸಾಯುತ್ತೆ. ಒಂದು ಗೋಡೆ ಮುಗುದ್ರೆ ನೀನು ಸಾರ್ವೆ ಬಿಚ್ಚಿ ಮುಂದಿನ ಗೋಡೆಗೆ ಕಟ್ಟಲ್ವಾ? ಅಲ್ಲೂ ಅಂಟು ಸುರ್ದು ಬಾ ಹೋಗು."

ಅವನ ನಗು ಇಂಗಿತು. "ಏನೋ ಚಂದಾಗಿರ್ಲಿ ಅಂತ..."

"ಒಂದು ಮಾತು ಕೇಳಕ್ಕೇನಾಗಿತ್ತು?"

ಅವಳು ಈಳಿಗೆಮಣೆ ಎಳೆದುಕೊಂಡು ಅಂಟಿದ ಸಂದುಗಳನ್ನು ಕೊಯ್ಯತೊಡಗಿದಳು. ಗೂಡುಗಳು ಹರಿದು ಚಿಂದಿಯಾದವು. ಬೇರೆ ಗೂಡು ಮನೆಯಲ್ಲಿರಲಿಲ್ಲ, ಬೆಳೆದದ್ದೆಲ್ಲ ಪಕ್ಕದ ವಿಜಯಪುರದ ರೇಷ್ಮೆ ಮಾರುಕಟ್ಟೆಗೆ ಹೋಗಿತ್ತು. ಹರಿಯದೆ ಬಿಟ್ಟುಬಂದ ತುಣುಕುಗಳಿಂದ ಕೈಗೆ ಹತ್ತಿದ್ದು ಒಂದು ಮೋಟು ಕೊಳವೆಯಷ್ಟೇ.

ಪ್ರದರ್ಶನದಲ್ಲಿ ಅವಳು ಆ ಮೋಟನ್ನೇ ಬೆಳೆಸಿದಳು, ಬಿಚ್ಚಿದಳು. ತೀರ್ಪುಗಾರರು ಬಗ್ಗಿ ನೋಡಿದರು.

"ಚೆನ್ನಾಗಿದೆಯಮ್ಮ. ಎಲ್ಲಿ, ಕೋಶ ಎರಡಾಗೋದನ್ನ ತೋರ್ಸು."

"ಅಷ್ಟು ತುಣುಕಿಲ್ಲ ಸರ್."

ಅವರು ಪಕ್ಕದ ಮೇಜಿಗೆ ಸರಿದರು. ಅಲ್ಲಿ ಥರ್ಮಾಕೋಲಿನ ಏರ್‌ಪೋರ್ಟು ದೀಪ ಹಾಕಿಕೊಂಡು ಕುಳಿತಿತ್ತು. ಬಹುಮಾನ ಅದಕ್ಕೇ ಬಂತು.

ಕೆಲಸಕ್ಕೆ ರಜೆ ಹಾಕಿ ಜೊತೆಗೆ ಬಂದಿದ್ದ ಮುನಿಕೃಷ್ಣ ವಾಪಸು ಬರುವ ಬಸ್ಸಿನಲ್ಲಿ ಮೆಲ್ಲಗೆ ಅಂದ: "ಮುಂದಿನ ವರ್ಷ ನಾನು ಅದರ ತಂಟೆಗೇ ಬರಲ್ಲ ಬಿಡವ್ವ."

"ಮುಂದಿನ ವರ್ಷ ಹತ್ತನೇ ಕ್ಲಾಸು. ಹತ್ತನೇದೋರ್ನ ಪ್ರದರ್ಶನಕ್ಕೆ ಕಳ್ಸಲ್ಲ."

ಅವನು ಮತ್ತೇನೋ ಹೇಳಲು ಬಾಯಿ ತೆರೆದ. ಅಕ್ಷತ ಎದ್ದು ಹಿಂದಿನ ಸೀಟಿಗೆ ಹೋದಳು.